ಶಾಸ್ಲಾ: ಸ್ವಿಟ್ಜರ್‌ಲೆಂಡಿನ ಹಗುರ ಬಿಳಿ ವೈನನ್ನು ಸವಿಯುವುದು ಹೇಗೆ, ಯಾವ ಊಟಕ್ಕೆ ಒಪ್ಪುತ್ತದೆ?

ಲೋಸಾನ್‌ಗೆ ಹೊಸಬ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಬೆಂಗಳೂರಿನಿಂದ ಲೋಸಾನ್‌ಗೆ ಬಂದು ನೆಲೆಸಿರುವ ನಾನು, ಇಲ್ಲಿನ ಜನ ಮಧ್ಯಾಹ್ನದ ಊಟಕ್ಕೂ ಸಂಜೆಯ ಹರಟೆಗೂ ತರಿಸಿಕೊಳ್ಳುವ ಶಾಸ್ಲಾ ಎಂಬ ಬಿಳಿ ವೈನಿನ ಬಗ್ಗೆ ತಿಳಿದವರಿಂದ ಕೇಳಿ ತಿಳಿಯಬೇಕೆಂದು ಬರೆಯುತ್ತಿದ್ದೇನೆ. ನಂದಿ ಬೆಟ್ಟದ ತಪ್ಪಲಿನ ಸೊವಿನ್ಯೋನ್ ಬ್ಲಾಂಕ್ ಕುಡಿದು ಅಭ್ಯಾಸವಾದ ನನಗೆ, ಲೋಟವನ್ನು ಮೂಗಿನ ಹತ್ತಿರ ತಂದ ಕೂಡಲೇ ಹಣ್ಣಿನ ಘಮ ಎದ್ದು ಬರಬೇಕೆಂಬ ನಿರೀಕ್ಷೆ ಇರುತ್ತದೆ. ಶಾಸ್ಲಾದಲ್ಲಿ ಅಂಥದ್ದೇನೂ ಸಿಗಲಿಲ್ಲ. ಬಣ್ಣ ತೀರ ತೆಳು, ವಾಸನೆ ಮಂದ, ಹುಳಿಯೂ ಕಡಿಮೆ, ಸಿಹಿಯಂತೂ ಇಲ್ಲವೇ ಇಲ್ಲ. ಆದರೂ ನನ್ನ ಸಹೋದ್ಯೋಗಿಗಳು ಎಪೆಸ್ ಮತ್ತು ಸ್ಯಾನ್ ಸಫೊರ್ಯಾನ್ ಎಂಬ ಹತ್ತಿರ ಹತ್ತಿರದ ಎರಡು ಹಳ್ಳಿಗಳ ಶಾಸ್ಲಾಗಳ ನಡುವಿನ ವ್ಯತ್ಯಾಸವನ್ನು ಕುರಿತು ಅರ್ಧ ಗಂಟೆ ಮಾತನಾಡಬಲ್ಲರು. ಅವರಿಗೆ ಕಾಣುವುದು ನನಗೆ ಏಕೆ ಕಾಣುತ್ತಿಲ್ಲ?

ಮುಂದಿನ ತಿಂಗಳು ಮನೆಗೆ ಊಟಕ್ಕೆ ಕೆಲವರನ್ನು ಕರೆದಿದ್ದೇವೆ. ಅವರಲ್ಲಿ ಇಬ್ಬರು ಇಲ್ಲಿಯವರು, ಉಳಿದವರು ಕನ್ನಡದವರು, ಅವರಲ್ಲೂ ಕೆಲವರು ಸಸ್ಯಾಹಾರಿಗಳು. ಶಾಸ್ಲಾವನ್ನೇ ಬಡಿಸಬೇಕೆಂಬ ಆಸೆಯಿದೆ. ರುಚಿ ನೋಡುವ ಕ್ರಮವನ್ನೂ ಜೊತೆಗೆ ಮಾಡಬಹುದಾದ ಅಡುಗೆಯನ್ನೂ ದಯವಿಟ್ಟು ತಿಳಿಸಿ.

ಕ್ಯುಲಿ ನಿವಾಸಿ

ನಮಸ್ಕಾರ. ನಾನು ಲಾವೋ ಪ್ರದೇಶದ ಕ್ಯುಲಿಯಲ್ಲಿ ಬಹುಕಾಲದಿಂದ ಇದ್ದೇನೆ. ಸುಗ್ಗಿಯ ದಿನಗಳಲ್ಲಿ ಪರಿಚಯದ ತೋಟದವರಿಗೆ ದ್ರಾಕ್ಷಿ ಕೊಯ್ಯಲು ನೆರವಾಗುವ ರೂಢಿಯೂ ಇದೆ. ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧ ಭಾಗ ಇದೆ ಎಂದು ನನಗನ್ನಿಸುತ್ತದೆ. ಶಾಸ್ಲಾದಲ್ಲಿ ದ್ರಾಕ್ಷಿಯ ಸ್ವಂತ ಪರಿಮಳ ನಿಜವಾಗಿಯೂ ಕಡಿಮೆ. ಅದನ್ನು ಕೊರತೆ ಎಂದು ಎಣಿಸುವವರು ಅನೇಕರಿದ್ದಾರೆ, ನಾನು ಹಾಗೆ ಎಣಿಸುವುದಿಲ್ಲ. ನಾವು ಅನ್ನವನ್ನು ಬರಿದೇ ತಿಂದು ಅಳೆಯುವುದಿಲ್ಲ, ಆದರೆ ಸೋನಾಮಸೂರಿಗೂ ರಾಜಮುಡಿಗೂ ಇರುವ ವ್ಯತ್ಯಾಸ ಸಾರು ಕಲಸಿದ ಮೊದಲ ತುತ್ತಿನಲ್ಲೇ ತಿಳಿಯುತ್ತದೆ. ಶಾಸ್ಲಾವನ್ನು ಅಳೆಯಬೇಕಾದದ್ದೂ ಊಟದ ಮೇಜಿನ ಮೇಲೆಯೇ.

ಇದು ಲೆಮಾನ್ (ಜಿನೀವಾ) ಸರೋವರದ ಸುತ್ತಲಿನ ನೆಲದಲ್ಲೇ ಹುಟ್ಟಿದ ತಳಿ ಎಂಬುದಕ್ಕೆ ವಂಶವಾಹಿ ಪರೀಕ್ಷೆಗಳು ಬಲವಾದ ಆಧಾರ ಕೊಟ್ಟಿವೆ. ಸ್ವಿಟ್ಜರ್‌ಲೆಂಡಿನ ಒಟ್ಟು ದ್ರಾಕ್ಷಿ ತೋಟಗಳಲ್ಲಿ ಸುಮಾರು ಕಾಲು ಭಾಗ ಶಾಸ್ಲಾ. ನಮ್ಮ ವೋ ಪ್ರಾಂತದಲ್ಲಂತೂ ಅರ್ಧಕ್ಕಿಂತ ಹೆಚ್ಚು. ಜರ್ಮನಿಯ ಮಾರ್ಕ್‌ಗ್ರೇಫ್ಲರ್‌ಲಾಂಡ್ ಸೀಮೆಯಲ್ಲಿ ಇದನ್ನೇ ಗುಟೆಡೆಲ್ ಎನ್ನುತ್ತಾರೆ. 1780ರಲ್ಲಿ ಅಲ್ಲಿನ ಅರಸ ಇಲ್ಲಿನ ವೆವೆಯಿಂದ ಸಸಿ ತರಿಸಿ ನೆಡಿಸಿದನೆಂದು ಅಲ್ಲಿಯವರು ಈಗಲೂ ಹೇಳುತ್ತಾರೆ. ಫ್ರಾನ್ಸಿನ ಮ್ವಾಸಾಕ್‌ನಲ್ಲಿ ಇದೇ ಹಣ್ಣನ್ನು ತಿನ್ನುವುದಕ್ಕಾಗಿಯೇ ಬೆಳೆಯುತ್ತಾರೆ.

ಲಾವೋ ಎಂದರೆ ಲೋಸಾನ್ ಹೊರವಲಯದಿಂದ ಶಿಲಾನ್ ಕೋಟೆಯ ದಿಕ್ಕಿಗೆ ಸುಮಾರು 30 ಕಿಲೋಮೀಟರ್ ಉದ್ದಕ್ಕೆ, ಸರೋವರಕ್ಕೆ ಮುಖ ಮಾಡಿ ನಿಂತಿರುವ ಕಡಿದಾದ ಇಳಿಜಾರು. ಅದನ್ನು ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ್ದಾರೆ. 12ನೇ ಶತಮಾನದಲ್ಲಿ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಗಡದ ಸನ್ಯಾಸಿಗಳು ಈ ಕೆಲಸಕ್ಕೆ ದೊಡ್ಡ ಪ್ರಮಾಣದಲ್ಲಿ ಕೈಹಾಕಿದರು. 2007ರಲ್ಲಿ ಯುನೆಸ್ಕೋ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿಯವರು ಮೂರು ಸೂರ್ಯರ ಮಾತು ಹೇಳುತ್ತಾರೆ: ಆಕಾಶದ ಸೂರ್ಯ, ನೀರಿನ ಮೇಲಿಂದ ಮರಳಿ ಬರುವ ಬೆಳಕು, ಹಗಲೆಲ್ಲ ಕಾದು ರಾತ್ರಿ ಶಾಖ ಬಿಡುವ ಕಲ್ಲಿನ ಗೋಡೆ. ಸೆಪ್ಟೆಂಬರಿನ ಸಂಜೆ ಸೂರ್ಯ ಇಳಿದ ಮೇಲೆ ಆ ಗೋಡೆಗೆ ಅಂಗೈ ಇಟ್ಟರೆ ಇನ್ನೂ ಬೆಚ್ಚಗಿರುತ್ತದೆ. ಗೋಡೆಗೆ ಹತ್ತಿರವಿರುವ ಸಾಲಿನ ಗೊಂಚಲು ಹಳದಿಗಿಂತ ಕೆಂಚು ಬಣ್ಣಕ್ಕೆ ತಿರುಗಿರುತ್ತದೆ, ಅದರ ಕಾಳು ಪಕ್ಕದ ಸಾಲಿನ ಕಾಳಿಗಿಂತ ಸ್ಪಷ್ಟವಾಗಿ ಸಿಹಿ.

ಈಗ ರುಚಿ ನೋಡುವ ವಿಚಾರ. ಹೋಟೆಲುಗಳಲ್ಲಿ ಕೊಡುವ ಪುಟ್ಟ ಲೋಟವನ್ನು ಬಿಟ್ಟು, ಸಾಧಾರಣ ಗಾತ್ರದ ಬಿಳಿ ವೈನ್ ಲೋಟದಲ್ಲಿ ಮೂರನೇ ಒಂದು ಭಾಗ ಮಾತ್ರ ಹಾಕಿಕೊಳ್ಳಿ. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿಯಬೇಡಿ. ಎಳೆಯ ಶಾಸ್ಲಾಗೆ 8ರಿಂದ 10 ಡಿಗ್ರಿ, ಹಳೆಯದಕ್ಕೆ 12 ಡಿಗ್ರಿ ಸರಿ. ತೀರ ತಣ್ಣಗಿದ್ದರೆ ಇರುವ ಅಲ್ಪ ಪರಿಮಳವೂ ಮುಚ್ಚಿಹೋಗುತ್ತದೆ. ಮೂಗಿಗೆ ಲಿಂಡೆನ್ ಮರದ ಹೂವು, ಹಸಿರು ಸೇಬು, ಪೇರ್ ಹಣ್ಣು, ಕೆಲವೊಮ್ಮೆ ಹೊಸ ಬ್ರೆಡ್ಡಿನ ಮೆಲುವಾಸನೆ ಸಿಗಬಹುದು. ಆದರೆ ಅಲ್ಲಿಗೆ ನಿಲ್ಲಬೇಡಿ. ಒಂದು ಗುಟುಕನ್ನು ಬಾಯಲ್ಲಿ ಕೆಲ ಕ್ಷಣ ಇಟ್ಟುಕೊಂಡು ನುಂಗಿ, ನುಂಗಿದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಗಮನಿಸಿ. ಒಳ್ಳೆಯ ಶಾಸ್ಲಾದಲ್ಲಿ ನಾಲಿಗೆಯ ಬದಿಗಳಲ್ಲಿ ಸ್ವಲ್ಪ ಉಪ್ಪಿನಂಥ, ಕೊನೆಯಲ್ಲಿ ಬಾದಾಮಿ ಸಿಪ್ಪೆಯಂಥ ತೆಳುವಾದ ಕಹಿ ಉಳಿಯುತ್ತದೆ. ಎಪೆಸ್‌ಗೂ ಸ್ಯಾನ್ ಸಫೊರ್ಯಾನ್‌ಗೂ ವ್ಯತ್ಯಾಸ ಹುಡುಕಬೇಕಾದದ್ದು ಅಲ್ಲಿ, ಮೂಗಿನಲ್ಲಿ ಅಲ್ಲ.

ಆಹಾರ ರಸಾಯನ

ಕ್ಯುಲಿಯವರ ಮಾತಿಗೆ ತಾಂತ್ರಿಕ ವಿವರ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಯಾವ ಊಟಕ್ಕೆ ಇದು ಒಪ್ಪುತ್ತದೆ ಎಂಬುದೆಲ್ಲ ಈ ವಿವರದಿಂದಲೇ ಹೊರಡುತ್ತದೆ.

ದ್ರಾಕ್ಷಿ ರಸ ಹುದುಗಿ ಸಕ್ಕರೆಯೆಲ್ಲ ಆಲ್ಕೋಹಾಲ್ ಆದ ನಂತರ, ಇಲ್ಲಿನ ಬಹುತೇಕ ತಯಾರಕರು ಎರಡನೆಯ ಒಂದು ಹುದುಗುವಿಕೆಗೂ ಅವಕಾಶ ಕೊಡುತ್ತಾರೆ. ಅದರಲ್ಲಿ ಬ್ಯಾಕ್ಟೀರಿಯಾಗಳು ಸೇಬಿನಲ್ಲಿರುವಂಥ ತೀಕ್ಷ್ಣ ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವಂಥ ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸುತ್ತವೆ. ಶಾಸ್ಲಾ ಹಣ್ಣಿನಲ್ಲಿ ಮೊದಲೇ ಹುಳಿ ಮಿತವಾಗಿರುವುದರಿಂದ, ಇದಾದ ಮೇಲೆ ವೈನ್ ಇನ್ನಷ್ಟು ಮೆತ್ತಗಾಗುತ್ತದೆ. ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡ 12ರ ಆಸುಪಾಸು. ಹುಳಿಯ ಈ ಕೊರತೆಯನ್ನು ತುಂಬಿಕೊಡುವುದು ವೈನಿನಲ್ಲಿ ಉಳಿಸಿದ ಅತ್ಯಲ್ಪ ಇಂಗಾಲದ ಡೈಆಕ್ಸೈಡ್. ಎಳೆಯ ಶಾಸ್ಲಾ ನಾಲಿಗೆಯ ತುದಿಯಲ್ಲಿ ಸಣ್ಣಗೆ ಚುರುಗುಟ್ಟುವುದು ಆ ಅನಿಲದಿಂದ. ನ್ಯೂಶಾಟೆಲ್ ಕಡೆ ಬಾಟಲಿಯನ್ನು ಸ್ವಲ್ಪ ಎತ್ತರದಿಂದ ಸುರಿದು, ಲೋಟದ ನಡುವೆ ಸಣ್ಣ ಗುಳ್ಳೆಗಳು ನಕ್ಷತ್ರದ ಆಕಾರದಲ್ಲಿ ಕೂಡುವುದನ್ನು ನೋಡುವ ಸಂಪ್ರದಾಯವೇ ಇದೆ. ಅದೇ ಸೀಮೆಯಲ್ಲಿ ಜನವರಿಯ ಮೂರನೆಯ ಬುಧವಾರ ಸೋಸದ, ಮಸುಕಾದ ಶಾಸ್ಲಾ ಮಾರಾಟಕ್ಕೆ ಬರುತ್ತದೆ. ಅವಕಾಶವಿದ್ದರೆ ಅದನ್ನು ಖಂಡಿತ ಕುಡಿದು ನೋಡಿ.

ಬಾಟಲಿಗೆ ತಿರುಗಿಸುವ ಮುಚ್ಚಳ ಇರುವುದನ್ನು ಕಂಡು ಅಗ್ಗದ ವೈನ್ ಎಂದು ತಿಳಿಯಬೇಡಿ. ಇಷ್ಟು ಸೂಕ್ಷ್ಮವಾದ ವೈನಿನಲ್ಲಿ ಕಾರ್ಕಿನಿಂದ ಬರುವ ಬೂಷ್ಟಿನ ವಾಸನೆಗೆ ಅಡಗಲು ಜಾಗವೇ ಇಲ್ಲದ ಕಾರಣ, ಬೇರೆ ದೇಶಗಳಿಗಿಂತ ಬಹಳ ಮೊದಲು, 1970ರ ದಶಕದಲ್ಲಿಯೇ ಇಲ್ಲಿಯವರು ಶಾಸ್ಲಾಗೆ ಆ ಮುಚ್ಚಳ ಹಾಕತೊಡಗಿದರು.

ಊಟಕ್ಕೆ ಜೋಡಿಸುವಾಗ ನೆನಪಿಡಬೇಕಾದ ಮುಖ್ಯ ಸೂತ್ರ: ತಟ್ಟೆಯಲ್ಲಿರುವ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ನೀರಾಗಿ ತೋರುತ್ತದೆ. ಶಾಸ್ಲಾದಲ್ಲಿ ಹುಳಿ ಕಡಿಮೆಯಾದ್ದರಿಂದ ಅದು ಬೇಗ ಸೋಲುತ್ತದೆ. ಉಪ್ಪು, ಬೆಣ್ಣೆ, ಕೆನೆ, ಚೀಸ್, ಪಿಷ್ಟ ಇವುಗಳ ಪಕ್ಕದಲ್ಲಿ ಮಾತ್ರ ಅದು ಸೋಲುವುದಿಲ್ಲ. ಉಪ್ಪು ವೈನನ್ನು ದುಂಡಗೆ ಮಾಡುತ್ತದೆ, ವೈನಿನ ಚುರುಕು ಬಾಯಿಯ ಜಿಡ್ಡನ್ನು ಬಿಡಿಸುತ್ತದೆ.

ಲೋಸಾನ್‌ಗೆ ಹೊಸಬ

ಇಬ್ಬರಿಗೂ ಧನ್ಯವಾದಗಳು. ಹುಳಿಯ ಸೂತ್ರ ಓದಿದ ಮೇಲೆ ಒಂದು ಸಂಶಯ. ಸರೋವರದ ದಂಡೆಯ ಹೋಟೆಲುಗಳಲ್ಲೆಲ್ಲ ಪೆರ್ಶ್ ಮೀನಿನ ಜೊತೆಗೆ ಶಾಸ್ಲಾವನ್ನೇ ಶಿಫಾರಸು ಮಾಡುತ್ತಾರೆ. ಆದರೆ ಆ ಮೀನಿನ ತಟ್ಟೆಯಲ್ಲಿ ನಿಂಬೆಹಣ್ಣಿನ ಹೋಳು ಇದ್ದೇ ಇರುತ್ತದೆ. ಆಗ ವೈನ್ ಸೋಲುವುದಿಲ್ಲವೇ?

ವೆವೆ ಅಡುಗೆಮನೆ

ಇದಕ್ಕೆ ನಾನು ಉತ್ತರಿಸಬಲ್ಲೆ, ಏಕೆಂದರೆ ವೆವೆಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದಿನವೂ ನನ್ನ ಕೈಯಿಂದ ಪೆರ್ಶ್ ಹೋಗುತ್ತದೆ. ನಿಮ್ಮ ಸಂಶಯ ಸರಿಯಾಗಿಯೇ ಇದೆ. ನಿಂಬೆಯನ್ನು ಮೀನಿನ ಮೇಲೆಲ್ಲ ಹಿಂಡಿದ ಕ್ಷಣದಲ್ಲಿ ಶಾಸ್ಲಾ ಸಪ್ಪೆಯಾಗುತ್ತದೆ. ಮೀನನ್ನು ತೆಳುವಾಗಿ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಬೇಯಿಸುತ್ತೇವೆ. ಬೆಣ್ಣೆ ನೊರೆ ಕಟ್ಟಿ, ನೊರೆ ಇಳಿದು, ತಳದ ಹಾಲಿನ ಕಣಗಳು ಕಂದು ಬಣ್ಣಕ್ಕೆ ತಿರುಗುವಷ್ಟರಲ್ಲಿ ಹುರಿದ ಕಾಯಿಬೀಜದಂಥ ಒಂದು ವಾಸನೆ ಬರುತ್ತದೆ. ಆ ವಾಸನೆಗೂ ಶಾಸ್ಲಾದ ಕೊನೆಯ ಬಾದಾಮಿ ಕಹಿಗೂ ಇರುವ ಹೊಂದಾಣಿಕೆಯೇ ಈ ಜೋಡಿಯ ಜೀವಾಳ. ಆದ್ದರಿಂದ ಬಾಣಲೆಯನ್ನು ಇಳಿಸುವ ಮುನ್ನ ನಾಲ್ಕೈದು ಹನಿ ನಿಂಬೆರಸವನ್ನು ಬೆಣ್ಣೆಗೇ ಹಾಕಿ ತಿರುಗಿಸಿಬಿಡಿ, ತಟ್ಟೆಯಲ್ಲಿ ಹೋಳು ಇಡಬೇಡಿ. ಜೊತೆಗೆ ಬೇಯಿಸಿದ ಆಲೂಗಡ್ಡೆ ಸಾಕು. ಮೀನು ಕೊಳ್ಳುವಾಗ ಸರೋವರದ ಮೀನೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ, ಹೋಟೆಲುಗಳಲ್ಲಿ ಬಡಿಸುವ ಪೆರ್ಶ್‌ನಲ್ಲಿ ಬಹುಪಾಲು ಹೊರದೇಶದಿಂದ ಬರುವಂಥದ್ದು. ಫೆರಾ ಎಂಬ ಮೀನು ಸಿಕ್ಕರೆ ಅದು ಇನ್ನೂ ಉತ್ತಮ; ಅದರ ಕೊಬ್ಬು ಶಾಸ್ಲಾಗೆ ಇನ್ನಷ್ಟು ಒಪ್ಪುತ್ತದೆ.

ವೋ ಪ್ರಾಂತದ ಮನೆಯಡುಗೆಯಲ್ಲಿ ಪಾಪೆ ಎಂಬುದಿದೆ. ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪನ್ನೂ ಆಲೂಗಡ್ಡೆಯನ್ನೂ ಬೆಣ್ಣೆ, ಬಿಳಿ ವೈನ್, ಕೆನೆಯಲ್ಲಿ ಮೆತ್ತಗೆ ಬೇಯಿಸಿ ಮೇಲೆ ಎಲೆಕೋಸು ಸೇರಿಸಿದ ಸಾಸೇಜ್ ಇಡುತ್ತಾರೆ. ಸಾಸೇಜ್ ಬಿಟ್ಟು ಮಾಡಿದರೂ ಅದು ಪೂರ್ಣವಾದ ಅಡುಗೆಯೇ, ನಿಮ್ಮ ಸಸ್ಯಾಹಾರಿ ಅತಿಥಿಗಳಿಗೆ ಒಗ್ಗುತ್ತದೆ. ಚಳಿಗಾಲವಾದರೆ ವಾಶ್ರ್ಯಾನ್ ಮೋಂದೋರ್ ಎಂಬ ಚೀಸನ್ನು ಅದರ ಮರದ ಡಬ್ಬಿಯ ಸಮೇತ ಕೊಳ್ಳಿ. ಮೇಲ್ಭಾಗದಲ್ಲಿ ಗುಳಿ ಮಾಡಿ, ಒಂದೆರಡು ಎಸಳು ಬೆಳ್ಳುಳ್ಳಿ ಚುಚ್ಚಿ, ಸ್ವಲ್ಪ ಶಾಸ್ಲಾ ಸುರಿದು ಓವನ್ನಿನಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಚಮಚದಲ್ಲಿ ತೆಗೆದು ಆಲೂಗಡ್ಡೆಯ ಮೇಲೆ ಹಾಕಿಕೊಳ್ಳುವ ಹದಕ್ಕೆ ಕರಗುತ್ತದೆ.

ಚೀಸಿನ ವಿಚಾರದಲ್ಲಿ ಒಂದು ಮುಖ್ಯ ಎಚ್ಚರಿಕೆ: ಗ್ರುಯೇರ್‌ನಂಥ ಇಲ್ಲಿನ ಸಾಂಪ್ರದಾಯಿಕ ಚೀಸುಗಳನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಾದ ಸಸ್ಯಾಹಾರಿಗಳಿಗೆ ಅದನ್ನು ಮೊದಲೇ ತಿಳಿಸುವುದು ಆತಿಥ್ಯದ ಧರ್ಮ. ಅಂಗಡಿಗಳಲ್ಲಿ ರೆನೆಟ್ ಬದಲಿಗೆ ಸೂಕ್ಷ್ಮಜೀವಿಯಿಂದ ತಯಾರಿಸಿದ ಹೆಪ್ಪು ಬಳಸಿದ ಚೀಸುಗಳೂ ಸಿಗುತ್ತವೆ, ಚೀಟಿ ಓದಿ ಕೊಳ್ಳಿ.

ಸಿಯೋನ್ ಕನ್ನಡತಿ

ಇಲ್ಲಿಯವರೆಗಿನ ಮಾತೆಲ್ಲ ಸರೋವರದ ಸುತ್ತಲೇ ಸುತ್ತುತ್ತಿರುವುದರಿಂದ ವಾಲೆ ಕಣಿವೆಯ ಪರವಾಗಿ ನಾನು ಬರೆಯಲೇಬೇಕು. ನಮ್ಮಲ್ಲಿ ಶಾಸ್ಲಾ ವೈನಿಗೆ ಫಾಂದಾನ್ ಎಂಬ ಹೆಸರು, ಆ ಹೆಸರನ್ನು ಬಳಸುವ ಹಕ್ಕು ವಾಲೆಗೆ ಮಾತ್ರ ಇದೆ. ಆಲ್ಪ್ಸ್‌ನ ಎರಡು ಸಾಲುಗಳ ನಡುವೆ ಸಿಕ್ಕಿಕೊಂಡ ಈ ಕಣಿವೆಯಲ್ಲಿ ಮಳೆ ಬಹಳ ಕಡಿಮೆ. ಶತಮಾನಗಳ ಹಿಂದೆ ಬಂಡೆಗಳ ಪಕ್ಕದಲ್ಲಿ ಕಡಿದ ಬೀಸ್ ಎಂಬ ಕಾಲುವೆಗಳಿಂದ ಹಿಮನದಿಯ ನೀರು ತಂದು ತೋಟಗಳಿಗೆ ಹಾಯಿಸಿದ್ದಾರೆ. ಬಿಸಿಲು ಜಾಸ್ತಿ, ಆಗಾಗ ಫೋನ್ ಎಂಬ ಬೆಚ್ಚನೆಯ ಗಾಳಿ ಬೀಸುತ್ತದೆ. ಆದ್ದರಿಂದ ಫಾಂದಾನ್ ಲಾವೋದ ಶಾಸ್ಲಾಗಿಂತ ಸ್ವಲ್ಪ ದಪ್ಪ, ಸ್ವಲ್ಪ ಮೆತ್ತಗೆ. ಸಿಯೋನ್ ಸುತ್ತಲಿನ ಸುಣ್ಣದ ಕಲ್ಲು ಬೆರೆತ ನೆಲದಲ್ಲಿ ಒಂದು ಬಗೆ, ಮಾರ್ತಿನಿ ಕಡೆಯ ಗ್ರಾನೈಟ್ ನೆಲದಲ್ಲಿ ಇನ್ನೊಂದು ಬಗೆ.

ಅದರ ಜೋಡಿ ರಾಕ್ಲೆಟ್. ಹಸಿ ಹಾಲಿನ ಚೀಸಿನ ಅರ್ಧ ಚಕ್ರವನ್ನು ಬೆಂಕಿಯ ಎದುರು ಹಿಡಿದು, ಕರಗಿದ ಪದರವನ್ನು ಚಾಕುವಿನ ಹಿಂಬದಿಯಿಂದ ಕೆರೆದು ತಟ್ಟೆಗೆ ಇಳಿಸುತ್ತಾರೆ. ಸಿಪ್ಪೆ ಸಹಿತ ಬೇಯಿಸಿದ ಆಲೂಗಡ್ಡೆ ಜೊತೆಗಿರುತ್ತದೆ. ಉಪ್ಪಿನಕಾಯಿಯಂತೆ ವಿನೆಗರಿನಲ್ಲಿ ಹಾಕಿದ ಪುಟ್ಟ ಸೌತೆ, ಈರುಳ್ಳಿಗಳನ್ನೂ ಕೊಡುತ್ತಾರೆ. ಮೇಲೆ ಹೇಳಿದ ಹುಳಿಯ ಸೂತ್ರ ಇಲ್ಲಿಯೂ ನಿಜ, ಅವುಗಳನ್ನು ತಿಂದ ಕೂಡಲೇ ಫಾಂದಾನ್ ಗುಟುಕರಿಸಬೇಡಿ, ನಡುವೆ ಒಂದು ತುತ್ತು ಆಲೂಗಡ್ಡೆ ಇರಲಿ. ಒಣಗಿಸಿದ ಮಾಂಸದ ತೆಳು ಎಸಳು ಮತ್ತು ರೈ ಧಾನ್ಯದ ಬ್ರೆಡ್ಡಿನ ಜೊತೆಗೆ ಊಟಕ್ಕೆ ಮುನ್ನ ಕುಡಿಯಲು ಫಾಂದಾನ್‌ಗಿಂತ ಮಿಗಿಲಾದದ್ದು ನನಗೆ ತಿಳಿದಿಲ್ಲ. ಮಾಂಸದ ಉಪ್ಪು ಇಲ್ಲಿ ಅರ್ಧ ಕೆಲಸ ಮಾಡುತ್ತದೆ.

ಬೆಂಗಳೂರು ಓದುಗ

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕು. ಯುರೋಪಿನಲ್ಲಿ ಓದುತ್ತಿದ್ದಾಗ ನಾನು ಕುಡಿದ ಶಾಸ್ಲಾಗಳಲ್ಲಿ ಹೆಚ್ಚಿನವು ನಿಜವಾಗಿಯೂ ನೀರಸವಾಗಿದ್ದವು. ತಳಿ ಹುಲುಸಾಗಿ ಕಾಯಿ ಬಿಡುವಂಥದ್ದು, ಬೆಳೆಗಾರ ಸವರದಿದ್ದರೆ ಗೊಂಚಲಿನ ಮೇಲೆ ಗೊಂಚಲು ಬಂದು ರಸ ತೆಳುವಾಗುತ್ತದೆ. ಆಮದು ಬಿಳಿ ವೈನಿನ ಮೇಲೆ ಸ್ವಿಟ್ಜರ್‌ಲೆಂಡಿನವರು 2001ರವರೆಗೆ ಪ್ರತ್ಯೇಕ ಮಿತಿ ಹಾಕಿದ್ದರು. ಸ್ಪರ್ಧೆಯಿಲ್ಲದ ಮಾರುಕಟ್ಟೆಯಲ್ಲಿ ಗುಣಮಟ್ಟದ ಒತ್ತಡ ಎಲ್ಲಿಂದ ಬರಬೇಕು? ಮೌನವಾದ ವೈನನ್ನೆಲ್ಲ ಸೂಕ್ಷ್ಮ ಎಂದು ಕರೆದರೆ, ಖಾಲಿ ವೈನಿಗೂ ಸೂಕ್ಷ್ಮ ವೈನಿಗೂ ಗಡಿ ಎಲ್ಲಿದೆ?

ಕ್ಯುಲಿ ನಿವಾಸಿ

ಪ್ರಶ್ನೆ ನ್ಯಾಯವಾದದ್ದು, ಗಂಭೀರವಾಗಿಯೇ ಉತ್ತರಿಸುತ್ತೇನೆ. ನೀರಸ ಶಾಸ್ಲಾ ಆಗಲೂ ಇತ್ತು, ಈಗಲೂ ಅಂಗಡಿಯ ಕೆಳಗಿನ ಸಾಲಿನಲ್ಲಿ ಇದೆ. ಮಿತಿ ಸಡಿಲವಾದ ನಂತರ ಶಾಸ್ಲಾ ತೋಟಗಳ ವಿಸ್ತೀರ್ಣ ಇಳಿಯುತ್ತ ಬಂದಿದೆ, ಇಳುವರಿಯನ್ನು ಹಿಡಿತದಲ್ಲಿಟ್ಟು ಬೆಳೆಯುವವರ ಸಂಖ್ಯೆ ಹೆಚ್ಚಿದೆ. ಗಡಿ ಎಲ್ಲಿದೆ ಎಂಬುದಕ್ಕೆ ನನ್ನ ಬಳಿ ಎರಡು ಪರೀಕ್ಷೆಗಳಿವೆ.

ಒಂದು, ತೆರೆದ ಬಾಟಲಿ. ಖಾಲಿ ವೈನ್ ಲೋಟದಲ್ಲಿ ಅರ್ಧ ಗಂಟೆ ಇಟ್ಟರೆ ಅನಿಲ ಹೋಗಿ ಸತ್ತಂತಾಗುತ್ತದೆ. ಒಳ್ಳೆಯ ಶಾಸ್ಲಾದಲ್ಲಿ ಚುರುಕು ಹೋದ ಮೇಲೂ ಉಪ್ಪು, ಕಹಿ, ತೂಕ ಉಳಿದಿರುತ್ತವೆ, ಕೆಲವೊಮ್ಮೆ ಆಗಲೇ ಸ್ಪಷ್ಟವಾಗುತ್ತವೆ.

ಎರಡು, ಕಾಲ. ಎಪೆಸ್ ಮತ್ತು ರಿವಾ ಹಳ್ಳಿಗಳ ನಡುವೆ ದೆಜಾಲೆ ಎಂಬ ಸುಮಾರು 54 ಹೆಕ್ಟೇರಿನ ಇಳಿಜಾರು ಇದೆ, ಅದರ ಪಕ್ಕದಲ್ಲಿ ಅದಕ್ಕಿಂತಲೂ ಪುಟ್ಟದಾದ ಕಲಾಮ್ಯಾನ್ ಇದೆ. ಎರಡಕ್ಕೂ ಗ್ರಾಂ ಕ್ರು ಎಂಬ ಉನ್ನತ ದರ್ಜೆ. ದೆಜಾಲೆಯಲ್ಲಿ ಸನ್ಯಾಸಿಗಳ ಕಾಲದ ಕೆಲವು ತೋಟಗಳು ಇಂದು ಲೋಸಾನ್ ನಗರದ ಒಡೆತನದಲ್ಲಿವೆ. ನಗರವೇ ವೈನ್ ಮಾಡಿಸಿ ಪ್ರತಿ ವರ್ಷ ಡಿಸೆಂಬರ್‌ನಲ್ಲಿ ಹರಾಜು ಹಾಕುತ್ತದೆ. ಇಲ್ಲಿನ ಶಾಸ್ಲಾ ಹತ್ತು, ಇಪ್ಪತ್ತು ವರ್ಷ ನಿಲ್ಲುತ್ತದೆ. ಹಳೆಯದಾದಂತೆ ಬಣ್ಣ ಹೊನ್ನಿಗೆ ತಿರುಗುತ್ತದೆ, ಜೇನುಮೇಣ, ಹುರಿದ ಬಾದಾಮಿ, ಸುಟ್ಟ ಬ್ರೆಡ್ಡಿನ ವಾಸನೆಗಳು ಬರುತ್ತವೆ. ಎಳೆಯದರಲ್ಲಿ ಏನೂ ಇಲ್ಲವೆಂದು ತೋರಿದ್ದ ವೈನಿನಿಂದಲೇ ಇವೆಲ್ಲ ಹೊರಡುತ್ತವೆ. ಖಾಲಿ ವೈನಿಗೆ ಇದು ಸಾಧ್ಯವಿಲ್ಲ. ಅಂಥ ಹಳೆಯ ದೆಜಾಲೆಯನ್ನು ಮೊರೆಲ್ ಅಣಬೆಯ ಕೆನೆಯಲ್ಲಿ ಬೇಯಿಸಿದ ಕೋಳಿಯ ಜೊತೆಗೋ, ಬೇಸಿಗೆಯಲ್ಲಿ ಮಾತ್ರ ಬೆಟ್ಟದ ಮೇಲೆ ಸೌದೆ ಒಲೆಯಲ್ಲಿ ತಯಾರಿಸುವ ಲೆತಿವಾ ಚೀಸಿನ ಜೊತೆಗೋ ಕುಡಿದು ನೋಡಿ, ನಂತರ ಈ ಚರ್ಚೆ ಮುಂದುವರಿಸೋಣ.

ಬೆಂಗಳೂರು ಓದುಗ

ಹಳೆಯ ದೆಜಾಲೆಯನ್ನು ನಾನು ಕುಡಿದಿಲ್ಲ, ನಿಮ್ಮ ಎರಡನೆಯ ಪರೀಕ್ಷೆಯನ್ನು ಗೌರವದಿಂದ ಒಪ್ಪಿಕೊಳ್ಳುತ್ತೇನೆ. ಆದರೆ ಇದನ್ನು ಬೆಂಗಳೂರಿನಲ್ಲಿ ಹೇಗೆ ಸಂಪಾದಿಸುವುದು? ಇಲ್ಲಿನ ಅಂಗಡಿಗಳಲ್ಲಿ ಸ್ವಿಸ್ ವೈನ್ ನಾನು ಕಂಡಿಲ್ಲ.

ಸಿಯೋನ್ ಕನ್ನಡತಿ

ಕಾಣುವುದು ಕಷ್ಟವೇ ಸರಿ. ಸ್ವಿಸ್ ವೈನಿನಲ್ಲಿ ದೇಶದಿಂದ ಹೊರಗೆ ಹೋಗುವುದು ನೂರಕ್ಕೆ ಒಂದೆರಡು ಪಾಲು ಮಾತ್ರ, ಉಳಿದದ್ದೆಲ್ಲ ಇಲ್ಲಿಯೇ ಮುಗಿಯುತ್ತದೆ. ಭಾರತದಲ್ಲಿ ಆಮದು ವೈನಿನ ಮೇಲೆ ಶೇಕಡ 150ರಷ್ಟು ಸುಂಕವಿತ್ತು. 2024ರ ಮಾರ್ಚ್‌ನಲ್ಲಿ ಸ್ವಿಟ್ಜರ್‌ಲೆಂಡ್ ಸೇರಿದಂತೆ ನಾಲ್ಕು ದೇಶಗಳೊಂದಿಗೆ ಆದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ವೈನಿನ ಸುಂಕ ಹಂತಹಂತವಾಗಿ ಇಳಿಯಬೇಕಾಗಿದೆ. ಸದ್ಯಕ್ಕೆ ಊರಿಗೆ ಬರುವವರ ಕೈಯಲ್ಲಿ ತರಿಸುವುದೇ ದಾರಿ. ಪ್ರಯಾಣಿಕರೊಬ್ಬರು ಸುಂಕವಿಲ್ಲದೆ ಎರಡು ಲೀಟರ್ ತರಬಹುದು. ಇಲ್ಲಿನ ಬಾಟಲಿಗಳು ಹಲವೊಮ್ಮೆ 75 ಸೆಂಟಿಲೀಟರಿನ ಬದಲು 70 ಸೆಂಟಿಲೀಟರಿನವು, ಅರ್ಧ ಲೀಟರಿನವೂ ಸುಲಭವಾಗಿ ಸಿಗುತ್ತವೆ. ಎರಡು ದೊಡ್ಡದು, ಒಂದು ಅರ್ಧ ಲೀಟರಿನದು ಎಂದು ಹೇಳಿ ಕಳಿಸಿ, ಮಿತಿಯೊಳಗೆ ಬರುತ್ತದೆ.

ಲೋಸಾನ್‌ಗೆ ಹೊಸಬ

ನಮ್ಮ ಅಡುಗೆಯ ವಿಷಯ ಉಳಿಯಿತು. ಹುಳಿ, ಖಾರ, ಇಂಗು, ಒಗ್ಗರಣೆ ಇಲ್ಲದೆ ನಮ್ಮ ಊಟ ಹೇಗೆ?

ವೆವೆ ಅಡುಗೆಮನೆ

ಒಗ್ಗರಣೆ ಇರಲಿ, ಹುಣಸೆ ಬೇಡ. ನಾನು ಮನೆಯಲ್ಲಿ ಮಾಡಿ ಕಂಡುಕೊಂಡದ್ದನ್ನು ಹೇಳುತ್ತೇನೆ. ಸಾರು, ಹುಳಿ, ಗೊಜ್ಜು, ಮಜ್ಜಿಗೆಹುಳಿ, ಚಿತ್ರಾನ್ನ ಇವೆಲ್ಲ ಶಾಸ್ಲಾವನ್ನು ಅಳಿಸಿಹಾಕುತ್ತವೆ. ಬ್ಯಾಡಗಿಯ ಖಾರವೂ ಹಾಗೆಯೇ, ಏಕೆಂದರೆ ಖಾರವನ್ನು ತಣಿಸಲು ಬೇಕಾದ ಸಿಹಿ ಈ ವೈನಿನಲ್ಲಿ ಇಲ್ಲ, ಅನಿಲದ ಚುರುಕು ಉರಿಯನ್ನು ಹೆಚ್ಚಿಸುತ್ತದೆ.

ಆದರೆ ಖಾರದ ಹುಗ್ಗಿಯನ್ನು ಮಾಡಿ ನೋಡಿ. ಅಕ್ಕಿ, ಹೆಸರುಬೇಳೆ, ತುಪ್ಪ, ಗೋಡಂಬಿ, ಕಾಳುಮೆಣಸು. ಮೆಣಸನ್ನು ಪುಡಿ ಮಾಡದೆ ಒಡೆದು ಮಾತ್ರ ಹಾಕಿ. ಪಿಷ್ಟ, ಜಿಡ್ಡು, ಉಪ್ಪು ಮೂರೂ ಇರುವ ಈ ಅಡುಗೆಗೂ ಲಾವೋದ ಶಾಸ್ಲಾಗೂ ಪಾಪೆಗೆ ಇರುವಷ್ಟೇ ಹೊಂದಾಣಿಕೆ ಇದೆ. ಸಬ್ಬಸಿಗೆ ಸೊಪ್ಪು ಹಾಕಿದ ನುಚ್ಚಿನುಂಡೆಯನ್ನು ಬಿಸಿಯಾಗಿ ತುಪ್ಪದೊಂದಿಗೆ ಬಡಿಸಿದರೆ ಇನ್ನೂ ಚೆನ್ನ. ಸಬ್ಬಸಿಗೆಯ ಹಸಿರು ಘಮ ಈ ವೈನಿನ ಹೂವಿನ ಘಮವನ್ನು ಎತ್ತಿ ತೋರಿಸುತ್ತದೆ. ಮೀನು ತಿನ್ನುವವರಿಗೆ ನೀರುದೋಸೆಯ ಜೊತೆ ತೆಂಗಿನ ಹಾಲಿನಲ್ಲಿ ಹಸಿಮೆಣಸು ಒಂದೇ ಒಂದು ಸೀಳಿ ಹಾಕಿ ಮಾಡಿದ ಬಿಳಿ ಮೀನು ಸಾಕು. ಮೊದಲಿಗೆ ಹೀರೇಕಾಯಿ ಬಜ್ಜಿ ಕೊಡಿ. ಲಾ ಕೋಟ್ ಸೀಮೆಯ ವಾನ್ಜೆಲ್ ಹಳ್ಳಿಯಲ್ಲಿ ಮಾಲಕೋಫ್ ಎಂಬ, ಚೀಸನ್ನು ಕರಿದ ತಿಂಡಿಗೆ ಅಲ್ಲಿನ ಹಗುರ ಶಾಸ್ಲಾವನ್ನೇ ಕೊಡುತ್ತಾರೆ. ಕರಿದದ್ದಕ್ಕೆ ಈ ವೈನ್ ಎಲ್ಲಿಯೂ ತಪ್ಪುವುದಿಲ್ಲ. ಬಜ್ಜಿಯ ಜೊತೆ ಹುಳಿ ಚಟ್ನಿ ಇಡಬೇಡಿ, ಕಾಯಿ ಚಟ್ನಿಯಾದರೆ ಆಗುತ್ತದೆ.

ಆಹಾರ ರಸಾಯನ

ಇಲ್ಲಿನ ಅತಿಥಿಗಳಿಗಾಗಿ ಫಾಂಡ್ಯೂ, ಅಂದರೆ ಕರಗಿಸಿದ ಚೀಸಿನಲ್ಲಿ ಬ್ರೆಡ್ ಅದ್ದಿ ತಿನ್ನುವ ಅಡುಗೆ, ಮಾಡುವ ಯೋಚನೆ ಇದ್ದರೆ ಎರಡು ಮಾತು. ಅರ್ಧ ಗ್ರುಯೇರ್, ಅರ್ಧ ಫ್ರಿಬೂರಿನ ವಾಶ್ರ್ಯಾನ್ ಹಾಕುವ ಕ್ರಮ ಪ್ರಸಿದ್ಧ. ಚೀಸನ್ನು ಬರಿದೇ ಕಾಯಿಸಿದರೆ ಅದರ ಪ್ರೋಟೀನು ಗಂಟು ಕಟ್ಟಿ ಎಣ್ಣೆ ಬೇರೆಯಾಗುತ್ತದೆ. ವೈನಿನ ಆಮ್ಲಗಳು ಪ್ರೋಟೀನನ್ನು ಬಿಗಿದಿಟ್ಟಿರುವ ಕ್ಯಾಲ್ಸಿಯಮ್ಮನ್ನು ಸಡಿಲಗೊಳಿಸುವುದರಿಂದ ಮಿಶ್ರಣ ನುಣುಪಾಗಿ ಉಳಿಯುತ್ತದೆ, ಮೆಕ್ಕೆಜೋಳದ ಪಿಷ್ಟ ಅದಕ್ಕೆ ನೆರವಾಗುತ್ತದೆ. ಶಾಸ್ಲಾದಲ್ಲಿ ಆಮ್ಲ ಕಡಿಮೆಯಾದ್ದರಿಂದ ಪಾತ್ರೆಗೆ ಒಂದು ಚಮಚ ನಿಂಬೆರಸ ಸೇರಿಸುವುದು ಒಳ್ಳೆಯ ರೂಢಿ.

ಫಾಂಡ್ಯೂ ಜೊತೆ ನೀರು ಕುಡಿದರೆ ಚೀಸ್ ಹೊಟ್ಟೆಯಲ್ಲಿ ಗಟ್ಟಿಯಾಗುತ್ತದೆ, ವೈನನ್ನೇ ಕುಡಿಯಬೇಕು ಎಂದು ಇಲ್ಲಿಯವರು ನಿಮಗೆ ಹೇಳಬಹುದು. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಮಂದಿಗೆ ಫಾಂಡ್ಯೂ ಜೊತೆ ಒಮ್ಮೆ ಬಿಳಿ ವೈನ್, ಇನ್ನೊಮ್ಮೆ ಕಪ್ಪು ಚಹಾ ಕೊಟ್ಟು ನೋಡಿದರು. ವೈನ್ ಕುಡಿದಾಗ ಜಠರ ಖಾಲಿಯಾಗುವುದು ನಿಧಾನವಾಯಿತು, ಆದರೆ ಅಜೀರ್ಣದ ತೊಂದರೆ ಹೆಚ್ಚಲಿಲ್ಲ. ಆದ್ದರಿಂದ ವೈನ್ ಬೇಡವೆನ್ನುವ ಅತಿಥಿಗಳಿಗೆ ನಿಶ್ಚಿಂತೆಯಿಂದ ಬಿಸಿ ಚಹಾ ಕೊಡಿ.

ಲೋಸಾನ್‌ಗೆ ಹೊಸಬ

ನಿಮ್ಮೆಲ್ಲರ ಮಾತುಗಳನ್ನು ಆಧರಿಸಿ ಹೀಗೆ ಯೋಚಿಸಿದ್ದೇನೆ: ಮೊದಲು ಹೀರೇಕಾಯಿ ಬಜ್ಜಿಯ ಜೊತೆ ಫೆಶಿ ಹಳ್ಳಿಯ ಹಗುರ ಶಾಸ್ಲಾ, ನಂತರ ನುಚ್ಚಿನುಂಡೆ ಮತ್ತು ನೀರುದೋಸೆ ಮೀನಿಗೆ ಎಪೆಸ್, ಹುಗ್ಗಿಗೆ ಸಿಯೋನ್‌ನ ಫಾಂದಾನ್, ಕೊನೆಗೆ ಚೀಸಿನ ಜೊತೆ ಸ್ವಲ್ಪ ಹಳೆಯ ದೆಜಾಲೆ. ಫಾಂಡ್ಯೂ ಇನ್ನೊಂದು ದಿನಕ್ಕೆ ಇರಲಿ. ಈ ಕ್ರಮ ಸರಿಯೇ?

ಕ್ಯುಲಿ ನಿವಾಸಿ

ಕ್ರಮ ಚೆನ್ನಾಗಿದೆ. ಒಂದೇ ಒಂದು ಬದಲಾವಣೆ: ಎಪೆಸ್ ಮತ್ತು ಫಾಂದಾನ್ ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಡಿ, ಪ್ರತಿಯೊಬ್ಬರಿಗೂ ಎರಡು ಲೋಟ ಕೊಡಿ. ಒಂದೇ ತುತ್ತು ನುಚ್ಚಿನುಂಡೆಗೆ ಎರಡನ್ನೂ ಒಂದರ ಹಿಂದೊಂದು ಗುಟುಕರಿಸಿದರೆ, ನಿಮ್ಮ ಸಹೋದ್ಯೋಗಿಗಳು ಅರ್ಧ ಗಂಟೆ ಮಾತನಾಡುವುದು ಯಾವುದರ ಬಗ್ಗೆ ಎಂಬುದು ನಿಮ್ಮ ನಾಲಿಗೆಗೇ ತಿಳಿಯುತ್ತದೆ. ದೆಜಾಲೆಯನ್ನು ಬಡಿಸುವ ಅರ್ಧ ಗಂಟೆ ಮೊದಲೇ ಫ್ರಿಜ್‌ನಿಂದ ಹೊರಗಿಟ್ಟು ಮುಚ್ಚಳ ತೆಗೆದಿರಿ.

ಸಿಯೋನ್ ಕನ್ನಡತಿ

ಫಾಂದಾನ್ ಆದಷ್ಟು ಇತ್ತೀಚಿನ ವರ್ಷದ್ದೇ ಇರಲಿ, ಅದನ್ನು ಎಪೆಸ್‌ಗಿಂತ ಸ್ವಲ್ಪ ಹೆಚ್ಚು ತಣ್ಣಗೆ ಬಡಿಸಿ. ಉಳಿದದ್ದನ್ನು ಚೆಲ್ಲಬೇಡಿ. ಮುಚ್ಚಳ ಬಿಗಿಯಾಗಿ ತಿರುಗಿಸಿ ಫ್ರಿಜ್‌ನಲ್ಲಿಟ್ಟರೆ ಮರುದಿನದ ಫಾಂಡ್ಯೂ ಪಾತ್ರೆಗೆ ಅದೇ ಸಾಕಾಗುತ್ತದೆ.